ಗಂಡಿನ ಕಡೆಯ ಪೊಲೀಸರು

ನಮ್ಮ ಅತ್ತಿಗೆ ಇದುವರೆಗೆ ಒಂದೇ ಒಂದು ಮದುವೆಯನ್ನೂ ಕುದುರಿಸಿದವರಲ್ಲ. ಆದರೆ ಅವರು ಮುಂದೆ ನಿಂತು ಒಪ್ಪಿಸಿಕೊಟ್ಟ ಕಳ್ಳರು, ಮೋಸಗಾರರು, ತಲೆತಪ್ಪಿಸಿಕೊಂಡು ಬಂದವರು ಕರ್ನಾಟಕದ ನಾನಾ ಜಿಲ್ಲೆಗಳಲ್ಲಿ ಸುಖವಾಗಿದ್ದಾರೆ! "ಒಬ್ಬನಾದ್ರೂ ತಿರುಗಿ ಬಂದು ದೂರು ಹೇಳಿದ್ದುಂಟಾ? ನಾನು ಕೂಡಿಸಿದ ಸಂಬಂಧ ಅಂದ್ರೆ ಹಾಗೆ!" ಎಂದು ಅವರೇ ಎದೆ ತಟ್ಟಿಕೊಳ್ಳುತ್ತಾರೆ.

ಅತ್ತಿಗೆ ಅಂದರೆ ನಮ್ಮವರ ಅಕ್ಕ. ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ, ಒಂದೇ ಕಟ್ಟಡದಲ್ಲಿ, ಕೆಳಗೆ ನಾವು, ಮೇಲೆ ಅವರು. ಅವರ ಯಜಮಾನರು ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರು. ನಮ್ಮವರು ಆ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಅತ್ತಿಗೆ ಮದುವೆಯಾಗಿ ಈ ಊರಿಗೆ ಬಂದು ಎಷ್ಟು ಕಾಲವಾಯಿತೆಂದರೆ, ಅವರ ಕನ್ನಡದಲ್ಲಿ ಈಗ ಸಾರು ಯಾವುದು, ತಮಿಳಿನ ಒಗ್ಗರಣೆ ಯಾವುದು ಎಂದು ಬೇರೆ ಮಾಡುವುದೇ ಕಷ್ಟ. ಒಮ್ಮೆ ಊರಿನಿಂದ ಬಂದಿದ್ದ ನನ್ನ ತಂಗಿಗೆ, "ಮೊಟ್ಟೆಮಾಡಿಗೆ ಹೋಗಿ ಸಂಡಿಗೆ ತಕ್ಕೊಂಡು ಬಾ" ಎಂದುಬಿಟ್ಟರು. ಇಲ್ಲಿ ಮೊಟ್ಟೆಮಾಡಿ ಎಂದರೆ ತಾರಸಿ ಎಂದು ಪಾಪ, ಅವಳಿಗೇನು ಗೊತ್ತು? ನನ್ನ ಸೆರಗು ಹಿಡಿದೆಳೆದು, "ಅಕ್ಕಾ, ನಿಮ್ಮ ಮನೆಯಲ್ಲಿ ಮೊಟ್ಟೆ ಮಾಡ್ತಾರಾ? ಅಮ್ಮನಿಗೆ ಗೊತ್ತುಂಟಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಇಂಥ ಅತ್ತಿಗೆ ಎರಡು ರಾಜ್ಯಗಳ ಪೊಲೀಸರ ನಡುವೆ ದುಭಾಷಿಯಾದದ್ದು ಹೇಗೆ ಎಂದು ಕೇಳುತ್ತೀರಾ? ಗಲಾಟೆಯಿಂದ!

ನಮ್ಮ ಓಣಿಯ ತುದಿಯಲ್ಲಿ ಯಾರದೋ ಧ್ವನಿವರ್ಧಕ ಬೆಳಗಿನಿಂದ ಅರಚುತ್ತಿತ್ತು. ಅತ್ತಿಗೆ ದೂರು ಕೊಡಲು ಠಾಣೆಗೆ ಹೊರಟರು. ಜೊತೆಗೆ ನಾನು. ಅಲ್ಲಿ ನೋಡಿದರೆ ಕರ್ನಾಟಕದಿಂದ ಬಂದ ಇಬ್ಬರು ಪೊಲೀಸರು, ಮಫ್ತಿಯಲ್ಲಿ, ಮೂಲೆಯ ಬೆಂಚಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಅವರು ಹುಡುಕಿಕೊಂಡು ಬಂದ ಆಸಾಮಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮನೆಯಲ್ಲಿದ್ದ. ನಮ್ಮ ಠಾಣೆಯವರು ವಿಳಾಸ ಹೇಳುತ್ತ, "ಮಾವು ಮಿಲ್ ಸಾರ್. ಅಂಗೆ ಒರೇ ಸತ್ತಂ" ಅಂದಿದ್ದಾರೆ. ತಮಿಳಿನಲ್ಲಿ ಮಾವು ಅಂದರೆ ಹಿಟ್ಟು, ಸತ್ತಂ ಅಂದರೆ ಸದ್ದು. ಹಿಟ್ಟಿನ ಗಿರಣಿ, ಅಲ್ಲಿ ಬರೀ ಸದ್ದು, ಅಷ್ಟೇ ಅವರು ಹೇಳಿದ್ದು. ಆದರೆ ನಮ್ಮ ಕನ್ನಡದ ಹೆಡ್ ಕಾನ್ಸ್‌ಟೇಬಲ್ಲರು ತಮ್ಮ ಸಾಹೇಬರಿಗೆ ಆಗಲೇ ಫೋನು ಮಾಡಿ ಆಗಿತ್ತು: "ಸಾರ್, ಆಸಾಮಿ ಸತ್ತ. ಮಾವಿನಹಣ್ಣು ಅರೆಯೋ ಮಿಲ್ಲಲ್ಲಿ."

ಸಾಹೇಬರು ಅತ್ತಲಿಂದ ಮರಣದ ಸರ್ಟಿಫಿಕೇಟು ತನ್ನಿ ಅನ್ನುತ್ತಿದ್ದಾರೆ. ಇವರು ಇತ್ತ ನಮ್ಮ ಇನ್ಸ್‌ಪೆಕ್ಟರ ಬಳಿ, "ಡೆತ್ ಸರ್ಟಿಫಿಕೇಟ್, ಡೆತ್ ಸರ್ಟಿಫಿಕೇಟ್" ಅನ್ನುತ್ತಿದ್ದಾರೆ. ಯಾರ ಡೆತ್ತು ಎಂದು ಇನ್ಸ್‌ಪೆಕ್ಟರಿಗೆ ಗಾಬರಿ!

ಅಷ್ಟರಲ್ಲಿ ಅತ್ತಿಗೆ ಒಳಗೆ ಹೋಗಿ, "ಸಾರ್, ಎಂಗ ತೆರುವಿಲೆ ಸತ್ತಂ ತಾಂಗ ಮುಡಿಯಲೆ" ಎಂದು, ಓಣಿಯ ಸದ್ದು ತಡೆಯಲಾಗುತ್ತಿಲ್ಲವೆಂಬ ತಮ್ಮ ದೂರು ತೆಗೆದದ್ದೇ ತಡ, ಹೆಡ್ ಕಾನ್ಸ್‌ಟೇಬಲ್ಲರು ಎದ್ದು ನಿಂತು ಕೈ ಮುಗಿದರು. "ನಿಮ್ಮ ಮನೇಲೂ ಯಾರೋ ಸತ್ತ್ರಾ ತಾಯಿ?"

ಅತ್ತಿಗೆ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ನಕ್ಕ ನಗೆ ಇದೆಯಲ್ಲ, ಧ್ವನಿವರ್ಧಕವೇ ನಾಚಬೇಕು. ಹೋದ ಜೀವ ಅರ್ಧ ಲೋಟ ಕಾಫಿ ಕುಡಿಯುವಷ್ಟರಲ್ಲಿ ವಾಪಸ್ ಬಂತು; ಆಸಾಮಿ ಸಂಜೆಯೊಳಗೆ ಕೈಗೆ ಸಿಕ್ಕಿದ. ಧ್ವನಿವರ್ಧಕದ ದೂರು ಮಾತ್ರ ಇವತ್ತಿನವರೆಗೂ ಯಾರಿಗೂ ನೆನಪಾಗಿಲ್ಲ.

ಅಂದಿನಿಂದ ಆ ಕಡೆಯ ಪೊಲೀಸರು ಬಂದಾಗಲೆಲ್ಲ ಠಾಣೆಯಿಂದ ಫೋನು: "ಕನ್ನಡ ಮಾಮಿ ಇರುಕ್ಕಾಂಗಳಾ?" ಮಾಮಿ ಇದ್ದಾರಾ ಎಂದು. ಇಲ್ಲಿನ ಹುಡುಗರು ಬೆನ್ನ ಹಿಂದೆ ಪೊಲೀಸರನ್ನು ಮಾಮಾ ಅನ್ನುವುದುಂಟು. ಆ ಲೆಕ್ಕದಲ್ಲಿ ಅವರು ಇವರನ್ನು ಮಾಮಿ ಅಂದರೆ ನೆಂಟಸ್ತಿಕೆ ಸರಿಯಾಗಿಯೇ ಕೂಡಿತಲ್ಲ! ಫೋನು ಬಂದ ಕೂಡಲೇ ಅತ್ತಿಗೆ ಸೀರೆ ಬದಲಿಸುತ್ತಾರೆ, ಹಣೆಗೆ ರೂಪಾಯಿ ಅಗಲದ ಕುಂಕುಮ ಇಡುತ್ತಾರೆ, ಒಂದು ಚೀಲದಲ್ಲಿ ಹತ್ತಿ ತುಂಬಿಕೊಳ್ಳುತ್ತಾರೆ. ಹತ್ತಿ ಯಾಕೆಂದರೆ, ಕೂತಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯದಿದ್ದರೆ ಅವರಿಗೆ ಮಾತು ಹೊರಡುವುದಿಲ್ಲ. ಕೊಲೆ ಮೊಕದ್ದಮೆಯೇ ಇರಲಿ, ಬೆರಳು ಬತ್ತಿ ಹೊಸೆಯುತ್ತಿರುತ್ತದೆ, ಬಾಯಿ ಭಾಷಾಂತರ ಮಾಡುತ್ತಿರುತ್ತದೆ. ಇನ್ನು ಎರಡು ಫ್ಲಾಸ್ಕು: ಒಂದರಲ್ಲಿ ಡಿಕಾಕ್ಷನ್, ಇನ್ನೊಂದರಲ್ಲಿ ಬಿಸಿ ಹಾಲು. ಅವನ್ನು ಹೊರುವವಳು ನಾನು. ಪೊಲೀಸ್ ಇಲಾಖೆಯಲ್ಲಿ ನನ್ನ ಹುದ್ದೆ ಅದೇ.

ಅತ್ತಿಗೆಯ ತಲೆಯಲ್ಲಿ ಇದೆಲ್ಲ ಮದುವೆಯ ಮಾತುಕತೆ. ದೂರದಿಂದ ವಾಹನ ಮಾಡಿಕೊಂಡು, ಒಬ್ಬರನ್ನು ತಮ್ಮೂರಿಗೆ ಕರೆದುಕೊಂಡು ಹೋಗಲು ಬರುವವರು ಯಾರು? ಗಂಡಿನ ಕಡೆಯವರು. ಹಾಗಾಗಿ ಕರ್ನಾಟಕದ ಪೊಲೀಸರು ಗಂಡಿನ ಕಡೆ. ನಮ್ಮ ಠಾಣೆ ಹೆಣ್ಣಿನ ಕಡೆ. ಕಳ್ಳ ಎಷ್ಟೇ ದಪ್ಪ ಮೀಸೆಯವನಾದರೂ ಹೆಣ್ಣು!

ನಗಬೇಡಿ. ನಾನೂ ಮೊದಮೊದಲು ನಕ್ಕಿದ್ದೆ. ಆಮೇಲೆ ನೋಡನೋಡುತ್ತ ನನಗೇ ಬೆರಗು ಹತ್ತಿತು. ಒಂದು ಸಲ ಕರ್ನಾಟಕದ ತಂಡವೊಂದು ಠಾಣೆಗೆ ತಿಳಿಸದೆ ನೇರವಾಗಿ ಆರೋಪಿಯ ಮನೆಗೇ ನುಗ್ಗಿತ್ತು; ಓಣಿಯವರೆಲ್ಲ ಇವರನ್ನೇ ಕಳ್ಳರೆಂದು ಹಿಡಿದು ಕೂಡಿಸಿದ್ದರು. ನಮ್ಮ ಇನ್ಸ್‌ಪೆಕ್ಟರಿಗೆ ಮುಖ ಕೆಂಪು. ಆ ಕಡೆಯವರಿಗೂ ಅವಮಾನ. ಇಂಗ್ಲಿಷಿನಲ್ಲಿ ಕಾಯಿದೆ, ಕಲಮು ಎಂದು ಜಗಳ. ಅತ್ತಿಗೆ ಬತ್ತಿ ಹೊಸೆಯುತ್ತಲೇ ಕೇಳಿದರು:

"ಅಲ್ಲ ಮಾರಾಯ್ರೆ, ಹೆಣ್ಣು ನೋಡ್ಲಿಕ್ಕೆ ಬಂದವರು ಹೆಣ್ಣಿನ ಅಪ್ಪನಿಗೆ ಒಂದು ಮಾತು ಹೇಳದೆ ಸೀದಾ ಅಡುಗೆಮನೆಗೆ ಹೋಗ್ತಾರಾ?"

ಅದನ್ನೇ ತಮಿಳಿನಲ್ಲೂ ಹೇಳಿದರು.  ಆ ಕಡೆಯ ಅಧಿಕಾರಿ ಎದ್ದು, "ತಪ್ಪಾಯ್ತು ಸಾರ್" ಅಂದರು. ಈ ಕಡೆಯವರು, "ಪರವಾಯಿಲ್ಲೆ, ಮೊದಲ್ಲ ಕಾಫಿ ಸಾಪ್ಡುಂಗ" ಎಂದು ಕಾಫಿ ಕುಡಿಯಲು ಕರೆದರು. ಬಂದೂಕು, ಜೀಪು, ಮೂರು ಸಿಂಹದ ಮುದ್ರೆ ಎಲ್ಲ ಇಟ್ಟುಕೊಂಡ ಎರಡು ಸರ್ಕಾರಗಳು ಒಂದು ಹತ್ತಿಯುಂಡೆಯ ಮುಂದೆ ತಲೆದೂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಹಾಗೆಂದು ಅತ್ತಿಗೆ ತಪ್ಪುವುದೇ ಇಲ್ಲ ಅಂತಲ್ಲ. ಬಾಡಿಗೆಗೆ ತೆಗೆದುಕೊಂಡ ಕಾರನ್ನು ಹಿಂದಿರುಗಿಸದೆ ಹುಬ್ಬಳ್ಳಿಯಿಂದ ಓಡಿಬಂದವನೊಬ್ಬನ ಪ್ರಕರಣ. ಆ ಕಡೆಯವರು, "ಇಲ್ಲೇ ಎಲ್ಲೋ ಒಂದು ಚಿಕ್ಕ ಮನೆ ಮಾಡಿಕೊಂಡಿದ್ದಾನೆ" ಅಂದರು. ಅತ್ತಿಗೆ ಮಾತಿಗೆ ಮಾತು ಇಟ್ಟು ಹೇಳಿದರು: "ಚಿನ್ನ ವೀಡು ವೆಚ್ಚಿರುಕ್ಕಾನ್." ತಮಿಳಿನಲ್ಲಿ ಚಿನ್ನ ವೀಡು ಇಟ್ಟುಕೊಂಡಿದ್ದಾನೆ ಅಂದರೆ ಏನರ್ಥ ಎಂದು ನಾನು ಇಲ್ಲಿ ಬಿಡಿಸಿ ಬರೆಯುವುದಿಲ್ಲ; ಹೆಂಡತಿ ಇದ್ದೂ ಇನ್ನೊಂದು ಮನೆ ಎಂದರೆ ನಿಮಗೇ ಹೊಳೆಯುತ್ತದೆ. ನಮ್ಮ ಪೊಲೀಸರು ಭಾವಚಿತ್ರ ಹಿಡಿದು ಓಣಿ ಓಣಿಯಲ್ಲಿ, "ಈತನ ಚಿನ್ನ ವೀಡು ಯಾವುದು?" ಎಂದು ವಿಚಾರಿಸಿದರು. ಸುದ್ದಿ ಅವನ ಹೆಂಡತಿಯ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಆಸಾಮಿ ತಾನಾಗಿಯೇ, ಒಂದೇ ಚಪ್ಪಲಿಯಲ್ಲಿ ಠಾಣೆಗೆ ಓಡಿಬಂದು, "ಸ್ವಾಮೀ, ಒಳಗೆ ಹಾಕಿ ಬಾಗಿಲು ಮುಚ್ಚಿ!" ಎಂದು ಕಾಲು ಹಿಡಿದ.

ಅವನನ್ನು ಕಳಿಸುವಾಗ ಇನ್ಸ್‌ಪೆಕ್ಟರು ನಗುತ್ತ, "ಇನಿಮೆ ಮಾಮಿಯಾರ್ ವೀಡು ದಾನ್" ಅಂದರು. ಜೈಲಿಗೆ ಇಲ್ಲಿಯವರು ಅತ್ತೆಯ ಮನೆ ಅನ್ನುತ್ತಾರೆ. "ನಮ್ಮಲ್ಲಿ ಮಾವನ ಮನೆ ಅಂತೀವಿ ಸಾರ್" ಎಂದರು ಹುಬ್ಬಳ್ಳಿಯವರು. ಅತ್ತಿಗೆ ಬತ್ತಿಯನ್ನು ತೊಡೆಯ ಮೇಲೆ ಒಮ್ಮೆ ಹೊಸೆದು ತೀರ್ಪು ಕೊಟ್ಟರು: "ಅತ್ತೆ ಇದ್ದಲ್ಲಿ ಮಾವ ಇರುದಿಲ್ವಾ? ಮನೆ ಒಂದೇ. ಮತ್ಯಾಕೆ ಚರ್ಚೆ?"

ನಮ್ಮ ಇನ್ಸ್‌ಪೆಕ್ಟರು ಗಟ್ಟಿ ಮನುಷ್ಯ. ತಲೆಯ ಮೇಲೆ ಟೋಪಿ ಇಲ್ಲದೆ ಅವರನ್ನು ನೋಡಿದವರೇ ಇಲ್ಲ. ಅತ್ತಿಗೆಯ ಉಪಚಾರ ಅತಿಯಾದಾಗಲೆಲ್ಲ, "ಮಾಮಿ, ಇದು ಸ್ಟೇಷನ್. ಕಲ್ಯಾಣ ಮಂಡಪಂ ಇಲ್ಲೆ" ಎಂದು, ಇದು ಮದುವೆ ಮಂಟಪವಲ್ಲವೆಂದು ಗದರುವರು. ಅತ್ತಿಗೆ ಒಂದಿಷ್ಟೂ ಅಳುಕುತ್ತಿರಲಿಲ್ಲ. ಅವರಿಗೆ ಇಬ್ಬರೂ ಗಂಡುಮಕ್ಕಳು. ಇಬ್ಬರ ಮದುವೆಯಲ್ಲೂ ಒಪ್ಪಿಸಿಕೊಳ್ಳುವ ಕಡೆ ಕೂತಿದ್ದವರು. "ಹೆಣ್ಣು ಹೆರ್ಲಿಲ್ಲ ಮಾರಾಯ್ತಿ. ಒಪ್ಪಿಸಿಕೊಡುವ ಆಸೆಯನ್ನ ಈ ಮೀಸೆಯವರಲ್ಲಿ ತೀರಿಸ್ಕೊಳ್ತಾ ಇದ್ದೇನೆ" ಎಂದು ದಾರಿಯುದ್ದಕ್ಕೂ ನಗುತ್ತಿದ್ದರು.

ಈ ವರ್ಷ ಸೆಕೆ ಏರುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಫೋನು ಬಂತು. ಮೈಸೂರಿನ ಕಡೆಯವರು ಬಂದಿದ್ದಾರೆ ಎಂದು. ನಾನು ಆಗಷ್ಟೇ ಊಟ ಮುಗಿಸಿ ಪಾತ್ರೆ ಬೋರಲು ಹಾಕಿದ್ದೆ. ಹಾಲು ಕಾಯಿಸಿ ಫ್ಲಾಸ್ಕು ತುಂಬಿಕೊಂಡು ಹೊರಟೆವು.

ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಮೀಸೆಯವನಿಲ್ಲ. ಒಬ್ಬಳು ಹುಡುಗಿ. ನಮ್ಮ ಮಗಳ ವಯಸ್ಸು. ಅಡುಗೆಮನೆಯಿಂದ ಎದ್ದು ಬಂದ ಹಾಗೇ ಇದ್ದಳು. ಚೂಡಿದಾರದ ಮೇಲೆ ಸಾರಿನ ಕಲೆ, ಕೈಯಲ್ಲಿ ಒಣಗಿದ ದೋಸೆಹಿಟ್ಟು. ನಮ್ಮ ಏರಿಯಾದ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಡುಗೆಗೆ ಇದ್ದವಳಂತೆ. ಅದಕ್ಕೆ ಮೊದಲು ಮೈಸೂರಿನ ಒಂದು ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡರು, ಇವಳ ಕೆಲಸವೂ ತೀರಿತು, ಇಲ್ಲಿಗೆ ಬಂದಳು. ಆಮೇಲೆ ಮನೆಯವರು ನೋಡಿದರೆ ಅಜ್ಜಿಯ ಚಿನ್ನದ ಸರ ಇಲ್ಲ.

ಮೈಸೂರಿನ ಎಸ್‌ಐ ಸಾಹೇಬರು ಈ ಸಲ ಶಾಸ್ತ್ರ ತಪ್ಪಿರಲಿಲ್ಲ; ಮೊದಲು ಹೆಣ್ಣಿನ ಅಪ್ಪನಿಗೆ, ಅಂದರೆ ನಮ್ಮ ಠಾಣೆಗೆ, ಹೇಳಿಯೇ ಬಂದಿದ್ದರು. ಜೊತೆಗೆ ಒಬ್ಬ ಮಹಿಳಾ ಕಾನ್ಸ್‌ಟೇಬಲ್ಲನ್ನೂ ಕರೆತಂದಿದ್ದರು. ಎಲ್ಲ ಸುಸೂತ್ರ. "ಇವತ್ತು ನಿಮಗೆ ಕೆಲ್ಸಾನೇ ಇಲ್ಲ ಕಣಮ್ಮ" ಎಂದರು ಎಸ್‌ಐ. "ಹುಡುಗಿ ಒಪ್ಕೊಂಡುಬಿಟ್ಟಿದಾಳೆ. ಕಾಫಿ ಕುಡ್ದು ಹೊರಡಾದೇಯ."

ಅತ್ತಿಗೆ ಕಾಫಿ ಬೆರೆಸಲಿಲ್ಲ. "ಒಪ್ಪಿದ್ದಾಳಾ? ಯಾರು ಕೇಳಿದ್ದು?"

ಬೆಳಿಗ್ಗೆ ನಮ್ಮ ಠಾಣೆಯ ಮಹಿಳಾ ಪೊಲೀಸರು ಕೇಳಿದ್ದು, ತಮಿಳಿನಲ್ಲಿ. ಹುಡುಗಿ ಹೌದು ಅಂದಿದ್ದಾಳೆ. ಒಪ್ಪಿದ ಮೇಲೆ ಮತ್ತೆ ಕೇಳುವುದೇನು ಎಂದು ಮೈಸೂರಿನವರು ಕೇಳಿಲ್ಲ. ಇವರನ್ನು ನೋಡಿದ ಮೇಲೆ ಹುಡುಗಿ ಅಳುವುದು ಬಿಟ್ಟರೆ ಬಾಯಿಯನ್ನೇ ಬಿಟ್ಟಿಲ್ಲ.

"ಹೆಣ್ಣನ್ನ ಒಂದು ಮಾತು ಕೇಳದೆ ಒಪ್ಪಿಸುದುಂಟಾ ಮಾರಾಯ್ರೆ?" ಎಂದರು ಅತ್ತಿಗೆ. ಇನ್ಸ್‌ಪೆಕ್ಟರು ಗಡಿಯಾರ ನೋಡಿ, "ಮಾಮಿ, ಇದು ಕಲ್ಯಾಣ ಮಂಡಪಂ..." ಎಂದು ಶುರು ಮಾಡಿದರು. ಅತ್ತಿಗೆಗೆ ಕೇಳಿಸಲೇ ಇಲ್ಲ. ಹುಡುಗಿಯ ಪಕ್ಕ ಕೂತು, ಚೀಲದಿಂದ ಹತ್ತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಅವಳ ಕಡೆ ನೋಡದೆ ಬತ್ತಿ ಹೊಸೆಯತೊಡಗಿದರು.

ಹುಡುಗಿ ಆ ಹತ್ತಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಮಾತು ಬಂತು.

"ಅಜ್ಜಿನೂ ಇಂಗೇ ಒಸೀತಿದ್ರು."

"ಹೌದಾ? ಯಾವ ಬತ್ತಿ, ಹೂಬತ್ತಿಯಾ?"

"ಊಂ. ಡಬ್ಬ ತುಂಬ."

"ಬೆಳಿಗ್ಗೆ ನಿನ್ನ ಹತ್ರ ಎಂತ ಕೇಳಿದ್ರು ಮಗಾ?"

"ಚೈನು ಎತ್ತಿಟ್ಟ್ಯಾ ಅಂದ್ರು. ಎತ್ತಿಟ್ಟೆ ಅಂದೆ."

ಅತ್ತಿಗೆಯ ಬೆರಳು ನಿಂತಿತು. ಅವರ ಬೆರಳು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಿಮಗೆ ಹೊಳೆಯಿತೋ ಇಲ್ಲವೋ! ನಮ್ಮ ಮಹಿಳಾ ಪೊಲೀಸರು ಕೇಳಿದ್ದು, "ಚೈನ್ ಎಡುತ್ತಿಯಾ?" ಎಂದು. ಸರ ತೆಗೆದುಕೊಂಡೆಯಾ ಎಂದು. ಇವಳ ಕಿವಿಗೆ ಅದು ಎತ್ತಿಟ್ಟೆಯಾ ಎಂದು ಕೇಳಿಸಿತು. ಇವಳು ಎತ್ತಿಟ್ಟೆ ಅಂದದ್ದು ಅವರ ಕಿವಿಗೆ "ಎಡುತ್ತಿಟ್ಟೇನ್", ತೆಗೆದುಕೊಂಡುಬಿಟ್ಟೆ ಎಂದು ಕೇಳಿಸಿತು. ಜೋಪಾನ ಮಾಡಿದ್ದು ಇತ್ತ ಬರುವಷ್ಟರಲ್ಲಿ ಕಳ್ಳತನವಾಯಿತು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೋಸ ಮಾಡಿಲ್ಲ. ಅಕ್ಕಪಕ್ಕದ ಎರಡು ಭಾಷೆಗಳು ಅಕ್ಕತಂಗಿಯರ ಹಾಗಿವೆ ಎಂದು ನಾವೆಲ್ಲ ಹೊಗಳುತ್ತೇವಲ್ಲ, ಅಕ್ಕತಂಗಿಯರ ಮುಖ ಒಂದೇ ಥರ ಇದ್ದರೆ ಹೀಗೂ ಆಗುತ್ತದೆ!

"ಎಲ್ಲಿ ಎತ್ತಿಟ್ಟೆ ಮಗಾ?"

"ಅತ್ತಿ ಡಬ್ಬದಾಗೆ, ಅತ್ತಿ ಕೆಳಗೆ. ಆಸ್ಪತ್ರೆಗೋಗ್ತಾ ಅಜ್ಜಿನೇ ಬಿಚ್ಕೊಟ್ರು, ಎತ್ತಿಡು ಅಂತ. ವಾಪಸ್ ಬಂದ್ಮ್ಯಾಲೆ ಕೊಡಾನ ಅಂತಿದ್ದೆ." ಹತ್ತಿಯಿಂದ ಕಣ್ಣು ತೆಗೆಯದೆ ಅಂದಳು, "ಅಜ್ಜಿ ಬರ್ಲೇ ಇಲ್ಲ. ಆಮ್ಯಾಕೆ ಅದ್ರ ಗ್ಯಾನನೇ ಬರ್ಲಿಲ್ಲ ಕಣಮ್ಮ. ಯಾರೂ ಕೇಳ್ಲೂ ಇಲ್ಲ."

ಅತ್ತಿಗೆ ಎದ್ದು ನಿಂತು ಇದನ್ನು ತಮಿಳಿನಲ್ಲಿ ಹೇಳಿದರು. ಒಂದು ಪದಕ್ಕೂ ಉಪ್ಪುಖಾರ ಹಾಕದೆ. ಬೆಳಿಗ್ಗೆ ಪ್ರಶ್ನೆ ಕೇಳಿದ್ದ ಮಹಿಳಾ ಪೊಲೀಸರು ಬಾಯಿಗೆ ಕೈ ಅಡ್ಡ ಹಿಡಿದರು. ಎಸ್‌ಐ ಹೊರಗೆ ಹೋಗಿ ಮೈಸೂರಿಗೆ ಫೋನು ಹಚ್ಚಿದರು. ಆ ಠಾಣೆಯಿಂದ ಒಬ್ಬರು ಆ ಮನೆಗೆ ಓಡಿದರು. ಓಡಿ ಏನು ಪ್ರಯೋಜನ, ಮನೆಗೆ ಬೀಗ! ಅಜ್ಜಿಯ ಮಾಸಿಕಕ್ಕೆ ಊರಿಗೆ ಹೋದವರು ನಾಳೆ ಬೆಳಿಗ್ಗೆಯೇ ಬರುವುದಂತೆ.

"ಡಬ್ಬ ಅಲ್ಲೇ ಇದೆಯೋ, ಎಸೆದ್ರೋ ಯಾರಿಗ್ಗೊತ್ತು?" ಎಂದರು ಎಸ್‌ಐ. "ನನ್ನ ಕೈಲಿ ಆಗಾದು ಇಷ್ಟು. ಅರೆಸ್ಟು ಅಂತ ಬರೆಯಲ್ಲ, ವಿಚಾರಣೆಗೆ ಅಂತ ಕರ್ಕೊಂಡೋಯ್ತೀನಿ. ನಾಳೆ ಡಬ್ಬ ಸಿಕ್ರೆ ಸರಿ. ಸಿಗ್ದಿದ್ರೆ..."  ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು.

ಈಗ ಹೊರಡಬೇಕು. ಅತ್ತಿಗೆ ರಾಹುಕಾಲ ಕಳೆಯಲಿ ಎಂದರು, ಎಸ್‌ಐ ಕಾದರು. ಆಮೇಲೆ ಅತ್ತಿಗೆ ನನ್ನ ಕೈಯಿಂದ ಹಾಲಿನ ಫ್ಲಾಸ್ಕು ತೆಗೆದುಕೊಂಡು, ಮುಚ್ಚಳಕ್ಕೆ ಹಾಲು ಬಗ್ಗಿಸಿದರು. ಕುಡಿಸುತ್ತಾರೆ ಅಂದುಕೊಂಡೆ. ಇಲ್ಲ. ಹುಡುಗಿಯ ಬಲಗೈ ಹಿಡಿದು, ಒಣಗಿದ ದೋಸೆಹಿಟ್ಟನ್ನು ಸೆರಗಿನಿಂದ ಉಜ್ಜಿ ತೆಗೆದು, ಬೆರಳುಗಳನ್ನು ಹಾಲಿನಲ್ಲಿ ಅದ್ದಿದರು. ನಮ್ಮ ಕಡೆ ಹೆಣ್ಣೊಪ್ಪಿಸುವ ಶಾಸ್ತ್ರ ಹೀಗೆಯೇ: ಮಗಳ ಕೈಯನ್ನು ಹಾಲಲ್ಲಿ ಅದ್ದಿ, ಕರೆದುಕೊಂಡು ಹೋಗುವವರ ಕೈಯಲ್ಲಿ ಇಡುವುದು.

"ಸಾರ್, ಇಂಗೆ ವಾಂಗೋ," ಎಂದು ಇನ್ಸ್‌ಪೆಕ್ಟರನ್ನು ಕರೆದರು. "ಅಪ್ಪಾ ಕೈಯುಂ ವೇಣುಂ." ಅಪ್ಪನ ಕೈಯೂ ಬೇಕು ಎಂದು.

ಈಗ ಗದರುತ್ತಾರೆ ಎಂದುಕೊಂಡೆ. ಇನ್ಸ್‌ಪೆಕ್ಟರು ಅತ್ತ ನೋಡಿದರು, ಇತ್ತ ನೋಡಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಬಂದು, ಅತ್ತಿಗೆಯ ಕೈಯ ಕೆಳಗೆ ತಮ್ಮ ಕೈ ಇಟ್ಟರು.

ಅತ್ತಿಗೆ ಆ ಹಾಲಿನ ಕೈಯನ್ನು ಮೈಸೂರಿನ ಮಹಿಳಾ ಕಾನ್ಸ್‌ಟೇಬಲ್ಲರ ಕೈಯಲ್ಲಿಟ್ಟರು. "ನೋಡಮ್ಮಾ, ನಮ್ಮ ಹುಡುಗಿ. ಮಾತು ಕಮ್ಮಿ. ಕೇಳಿದ್ರೆ ಮಾತ್ರ ಹೇಳ್ತಾಳೆ. ಅದಕ್ಕೆ, ಕೇಳಿ. ತಪ್ಪಿದ್ರೆ ನಿಮ್ಮ ಮನೆ ಮಗಳಿಗೆ ಹೇಳುವ ಹಾಗೆ ಹೇಳಿ. ದಾರಿಯಲ್ಲಿ ಊಟ ಮಾಡಿಸಿ."

ಆ ಕಾನ್ಸ್‌ಟೇಬಲ್ ಹೆಂಗಸು ಹಾಲು ಅಂಟಿದ ಕೈಯನ್ನು ಬಿಡದೆ ಹಿಡಿದುಕೊಂಡೇ ಜೀಪು ಹತ್ತಿದರು.

ಮರುದಿನ ಬೆಳಿಗ್ಗೆ ನಾನು ಮೇಲೆ ಹೋದಾಗ ಅತ್ತಿಗೆಯ ಒಲೆ ಹತ್ತಿರಲಿಲ್ಲ. ನೆಲದ ಮೇಲೆ ಫೋನು. ಸುತ್ತ ಬತ್ತಿ. ಒಂದು ಊರಿನ ದೇವಸ್ಥಾನಗಳಿಗೆಲ್ಲ ಸಾಲುವಷ್ಟು! "ಮೈಸೂರು ಮುಟ್ಟಿದ್ರಂತೆ. ಇಡ್ಲಿ ತಿಂದ್ಲಂತೆ," ಎಂದರು. "ಬೀಗ ಇನ್ನೂ ತೆಗೀಲಿಲ್ಲ." ಇನ್ನೊಂದು ಬತ್ತಿ ಹೊಸೆದು, "ಈಗ ಯಾರು ಬತ್ತಿ ಹೊಸೀತಾರೆ ಹೇಳು? ಎಲ್ಲ ಅಂಗಡಿಯಿಂದ ತರ್ತಾರೆ. ಆ ಡಬ್ಬವನ್ನ ಯಾರೂ ಮುಟ್ಟಿರುದಿಲ್ಲ. ಅಲ್ವಾ?" ನಾನು ಹೌದು ಎಂದೆ.  ಕೂತು ನಾನೂ ಹತ್ತಿ ತೆಗೆದುಕೊಂಡೆ.

ಫೋನು ಬಂತು. ಅತ್ತಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ನಾನೇ ಎತ್ತಿದೆ. ಆ ಕಡೆ ಮಹಿಳಾ ಕಾನ್ಸ್‌ಟೇಬಲ್ಲರ ದನಿ, ಉಸಿರು ಹತ್ತಿದ ಹಾಗೆ: "ಅಮ್ಮಾ, ಅಟ್ಟದ ಮೇಲಿತ್ತು ಡಬ್ಬ. ಹತ್ತಿ ಕೆಳಗೇ ಇತ್ತು ಸರ."

ಎರಡು ರಾಜ್ಯಗಳ ಮಾತನ್ನು ಅತ್ತಿತ್ತ ದಾಟಿಸಿದ ನಮ್ಮ ಅತ್ತಿಗೆಗೆ ಆವತ್ತು ಯಾವ ಭಾಷೆಯಲ್ಲೂ ಒಂದು ಮಾತು ಸಿಕ್ಕಲಿಲ್ಲ. ಸೆರಗು ಮುಖಕ್ಕೆ ಒತ್ತಿಕೊಂಡು ಕೂತಿದ್ದರು. ಆಮೇಲೆ ಎದ್ದು ಒಲೆ ಹಚ್ಚಿದರು.

ಅರ್ಧ ಗಂಟೆಯೊಳಗೆ ಇನ್ನೊಂದು ಫೋನು. ನಮ್ಮ ಠಾಣೆಯಿಂದ, ಇನ್ಸ್‌ಪೆಕ್ಟರೇ. ಮೈಸೂರಿನವರು ಅವರಿಗೂ ತಿಳಿಸಿದ್ದರು. ಗಂಟಲು ಸರಿಮಾಡಿಕೊಂಡು ಕೇಳಿದರು: "ಮಾಮಿ, ಪೊಣ್ಣು ಎಪ್ಪೊ ತಿರುಂಬಿ ವರುದು?" ಹುಡುಗಿ ಯಾವಾಗ ವಾಪಸ್ ಬರುತ್ತಾಳೆ ಎಂದು.

"ನಾಳೆ ರೈಲಿಗೆ ಕಳಿಸ್ತಾರಂತೆ ಸಾರ್," ಎಂದು ಅತ್ತಿಗೆ ತಮಿಳಿನಲ್ಲಿ ಅಂದರು. ಅವರ ಗತ್ತು ಅಷ್ಟರಲ್ಲಿ ಮರಳಿ ಬಂದಿತ್ತು. "ಮೊದಲ ಸಲ ತವರಿಗೆ ಬರುವ ಹುಡುಗಿ. ಕರೆತರಲಿಕ್ಕೆ ಅಪ್ಪ ಹೋಗದೆ ಮತ್ಯಾರು ಹೋಗ್ತಾರೆ?"

ಮರುದಿನ ಸೆಂಟ್ರಲ್ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ನಾವು ಮೂವರು ನಿಂತಿದ್ದೆವು. ಇನ್ಸ್‌ಪೆಕ್ಟರು ಬಿಳಿ ಅಂಗಿಯಲ್ಲಿದ್ದರು. ಟೋಪಿ ಇರಲಿಲ್ಲ, ತಲೆ ಮುಂದೆ ಸ್ವಲ್ಪ ಬೋಳು ಎಂಬುದನ್ನು ನಾನು ಆವತ್ತೇ ಸರಿಯಾಗಿ ಗಮನಿಸಿದ್ದು. ಹಾಲಿನ ಫ್ಲಾಸ್ಕು ಇನ್ಸ್‌ಪೆಕ್ಟರ ಕೈಯಲ್ಲಿತ್ತು; ಇಸಿದುಕೊಳ್ಳಲು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ರೈಲು ಬರುವ ದಿಕ್ಕಿಗೇ ನೋಡುತ್ತಿದ್ದರು.